ಗೇಜ್ ಮಾಮನ ಬೆರಳು

ತಿಂಡಿಯ ತಟ್ಟೆಗಳನ್ನು ತೆಗೆದು, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗೇಜ್ ಮಾಮ ಟ್ಯಾಬನ್ನು ಗೋಡೆಗೆ ಒರಗಿಸಿಟ್ಟರು. ಹೆಂಡತಿಯ ಕನ್ನಡಕವನ್ನು ತಮ್ಮ ಅಂಗಿಯ ಅಂಚಿನಲ್ಲಿ ಉಜ್ಜಿ, ಆಕೆಯ ಮೂಗಿನ ಮೇಲೆ ತಾವೇ ಕೂರಿಸಿದರು.

"ಸರಿಯಾಗಿ ನೋಡು. ಇವತ್ತು ಯಾವ ವಾರ ಅಂತ ಕೇಳ್ತಾ ಇದೆ."

"ಯಾಕೆ, ಅದಕ್ಕೆ ಗೊತ್ತಿಲ್ವಾ?" ಎಂದರು ಟೈಲರ್ ಅಕ್ಕ.

"ಅದಕ್ಕೆ ಗೊತ್ತಿದೆ. ನಿನಗೆ ಗೊತ್ತಾ ಅಂತ ಕೇಳ್ತಿದೆ."

"ಗೊತ್ತಿದ್ದೂ ಕೇಳೋದಕ್ಕೆ ಕೊಬ್ಬು ಅಂತಾರೆ."

ಮಾಮನಿಗೆ ನಗು ಬಂತು, ಆದರೆ ನಗಲಿಲ್ಲ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. "ಬೇಗ, ಬೇಗ" ಎಂದರು. ಆಕೆಯ ಬೆರಳು ಪರದೆಯ ಮೇಲಿನ ಏಳೂ ವಾರಗಳ ಹೆಸರಿನ ಮೇಲೆ ಒಂದು ಸುತ್ತು ಸುಳಿದಾಡಿ, ಎಲ್ಲಿಯೂ ಇಳಿಯದೆ ಮಡಿಲಿಗೆ ಮರಳಿತು.

ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮಾಮನ ಕೆಲಸ ಒಂದೇ: ತಯಾರಾಗಿ ಬಂದ ತುಂಡನ್ನು ಅಳತೆಯ ಗೇಜಿಗೆ ಹಾಕಿ ನೋಡುವುದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಡಬ್ಬಿಗೆ ಎಸೆಯುವುದು. ಮ್ಯಾನೇಜರೇ ಬಂದು ನಿಂತರೂ ಎಸೆದದ್ದನ್ನು ಮತ್ತೆ ಎತ್ತಿದವರಲ್ಲ. ಬೀದಿಯವರು ಗೇಜ್ ಮಾಮ ಎಂದು ಕರೆಯುತ್ತಿದ್ದುದು ಅರ್ಧ ತಮಾಷೆಗೆ, ಅರ್ಧ ಮರ್ಯಾದೆಗೆ. ಹೆಂಡತಿ, ಬೀದಿಯವರ ಟೈಲರ್ ಅಕ್ಕ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡಿದ್ದರು. ಬಾಗಿಲಲ್ಲಿ ನಿಂತವರ ಭುಜವನ್ನು ಟೇಪು ಹಿಡಿಯದೆಯೇ ಅಳೆದುಬಿಡುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಅಂಗಿಗೆ ಎರಡೂ ಎಡಗಡೆಯ ತೋಳನ್ನೇ ಹೊಲಿದಾಗ ತಾವೂ ನಕ್ಕರು, ಅಂಗಿಯವರೂ ನಕ್ಕರು. ಮೂರನೆಯ ಸಲ ಯಾರೂ ನಗಲಿಲ್ಲ.

ಮರೆವಿನ ಕಾಯಿಲೆ ಎಂದು ಹೇಳಿದ ವೈದ್ಯರು ಆಸ್ಪತ್ರೆಯ ಎರಡನೇ ಮಹಡಿಯ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಟ್ಯಾಬಿನಲ್ಲೇ ಪರೀಕ್ಷೆ, ಟ್ಯಾಬಿನಲ್ಲೇ ಪಾಠ. ಚಿತ್ರದ ಮಾತ್ರೆಗಳನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಡಬ್ಬಿಗಳಿಗೆ ಎಳೆದು ಹಾಕಬೇಕು. ಮಗಳ ಫೋನ್ ನಂಬರು ಒತ್ತಬೇಕು. ಮನೆಗೆ ಹೋಗುವ ಬಸ್ಸನ್ನು ಆರಿಸಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಮನೆಯಲ್ಲಿ ಅಭ್ಯಾಸ. ಅಂಕಗಳು ತಾವಾಗಿಯೇ ಕೇಂದ್ರಕ್ಕೆ ಹೋಗುತ್ತಿದ್ದವು. ಮೊದಲ ದಿನ ನೂರಕ್ಕೆ ಐವತ್ತೆಂಟು ಬಂದಿತ್ತು.

"ಇದರಿಂದ ಕಾಯಿಲೆ ವಾಸಿ ಆಗಲ್ಲ ಸರ್," ಎಂದು ತರಬೇತಿಯ ಮೇಡಂ ಮೊದಲೇ ಹೇಳಿದ್ದರು. "ಇರೋದನ್ನ ಇನ್ನೊಂದಷ್ಟು ದಿನ ಉಳಿಸ್ಕೊಳ್ಳೋಕೆ ಅಷ್ಟೆ. ನಲವತ್ತಕ್ಕಿಂತ ಕೆಳಗೆ ಹೋದ್ರೆ ಈ ಪಾಠ ಅವರಿಗೆ ಹಿಂಸೆ. ಆಗ ಬೇರೆ ದಾರಿ ನೋಡೋಣ."

ಮಾಮನ ಕಿವಿಗೆ ಬಿದ್ದದ್ದು ನಲವತ್ತು ಎಂಬುದೊಂದೇ.

ಪಾಠ ಶುರುವಾದ ಎಂಟನೇ ವಾರ, ಬೆರಳು ಎಲ್ಲಿಯೂ ಇಳಿಯದ ಆ ದಿನ ಬಂದ ಅಂಕ ನಲವತ್ತೊಂದು. ಮರುದಿನ ಆಕೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ, ಪರದೆಯ ಮೇಲೆ ಮಾತ್ರೆಯೊಂದು ಮಿನುಗುತ್ತ ಕಾಯುತ್ತಿತ್ತು. ಮಾಮ ಸುತ್ತ ನೋಡಿದರು. ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಬೆರಳು ಚಾಚಿ ಅದನ್ನು ಸರಿಯಾದ ಡಬ್ಬಿಗೆ ಎಳೆದರು. ಟ್ಯಾಬು ಚಪ್ಪಾಳೆಯ ಸದ್ದು ಮಾಡಿತು. ಆ ವಾರದ ಅಂಕ ಐವತ್ತೈದು. ಅದರ ಮುಂದಿನ ವಾರ ಅರವತ್ತಾರು.

ಮಗಳು ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೇಂದ್ರದಿಂದ ಬಂದ ಪಟ್ಟಿಯನ್ನು ಫೋನಿನಲ್ಲಿ ನೋಡಿ ಸಂಜೆ ಓಡೋಡಿ ಬಂದಳು.

"ಅಪ್ಪ, ಅರವತ್ತಾರು! ಇನ್ನು ಮಾತ್ರೆ ಡಬ್ಬಿ ಅಮ್ಮನ ಕೈಗೇ ಕೊಡ್ಬಹುದಂತೆ, ಕೆಳಗೆ ಬರೆದಿದ್ದಾರೆ. ನೀನು ಪ್ರತಿಯೊಂದನ್ನೂ ಕೈಗಿಟ್ಟು ನುಂಗಿಸ್ತಿದ್ರೆ ಅವಳಿಗೆ ಅವಮಾನ ಅಲ್ವಾ?"

"ಇರಲಿ ಬಿಡು, ನಾನೇ ಕೊಡ್ತೀನಿ."

"ನಿನಗೆ ಯಾವಾಗ್ಲೂ ನೀನು ಮಾಡಿದ್ರೇನೇ ಸರಿ. ಅವಳು ಚೇತರಿಸ್ಕೊಳ್ಳೋದನ್ನೂ ಬಿಡಲ್ಲ."

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಗಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಕಂಡ ಗೆಲುವನ್ನು ಒರೆಸಿಹಾಕಲು ಅವರಿಂದ ಆಗಲಿಲ್ಲ. ಡಬ್ಬಿ ಟೈಲರ್ ಅಕ್ಕನ ಕೈ ಸೇರಿತು.

ಆರು ದಿನ ಮಾಮ ಕಣ್ಣಿಟ್ಟು ಕಾದರು. ಏಳನೆಯ ದಿನ ಕ್ಷೌರಕ್ಕೆಂದು ಹೋಗಿ, ಆಮೇಲೆ ಬ್ಯಾಂಕಿನ ಸಾಲಿನಲ್ಲಿ ಸಿಕ್ಕಿಕೊಂಡು, ಐದು ತಾಸಿನ ಮೇಲೆ ಬಂದಾಗ, ಬಚ್ಚಲುಮನೆಯ ಬಾಗಿಲಿಗೆ ಅಡ್ಡಲಾಗಿ ಆಕೆ ಬಿದ್ದಿದ್ದರು. ಮೈಯೆಲ್ಲ ಬೆವರಿ ತಣ್ಣಗಾಗಿತ್ತು. ಮುಂದಿನ ನಾಲ್ಕು ದಿನಕ್ಕೆಂದು ಡಬ್ಬಿಯಲ್ಲಿಟ್ಟಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಒಂದೇ ಸಲಕ್ಕೆ ನುಂಗಿದ್ದರು.

ಜೀವ ಉಳಿಯಿತು. ಆದರೆ ಆಸ್ಪತ್ರೆಯಿಂದ ಮರಳಿದ ಟೈಲರ್ ಅಕ್ಕ ಮೊದಲಿನವರಾಗಿರಲಿಲ್ಲ. ಚಮಚ ಹಿಡಿಯಲು ಯೋಚಿಸಬೇಕಾಗಿತ್ತು. ಮಗಳನ್ನು "ನೀನು ಯಾರ ಮನೆ ಹುಡುಗಿ?" ಎಂದು ಕೇಳಿದರು. ಸಕ್ಕರೆ ಅಷ್ಟು ಹೊತ್ತು ಇಳಿದಿದ್ದರಿಂದ ಮೆದುಳಿಗೆ ಪೆಟ್ಟಾಗಿದೆ, ಹೋದದ್ದು ಬಹುಶಃ ಮರಳಿ ಬಾರದು ಎಂದರು ವೈದ್ಯರು.

ಕೇಂದ್ರದ ಮೇಡಂ ಎದುರು, ಮಗಳನ್ನೂ ಕೂರಿಸಿಕೊಂಡು, ಮಾಮ ಹೇಳಿದರು. "ಒತ್ತಿದ್ದು ನಾನು. ಎಂಟನೇ ವಾರದಿಂದ ಎಲ್ಲಾ ನಾನೇ."

ಮಗಳು ಕುರ್ಚಿಯನ್ನು ಅಪ್ಪನ ಕಡೆ ತಿರುಗಿಸಿದಳು. "ಒಂದು ಬೋಲ್ಟು ಸರಿ ಇಲ್ಲ ಅಂದ್ರೆ ಎಸೆದು ಬರ್ತಿದ್ದೋನು ನೀನು. ನನ್ನ ಅಮ್ಮನ ವಿಷಯದಲ್ಲಿ ಸುಳ್ಳು ಹೇಳಿದ್ಯಲ್ಲಪ್ಪ," ಎಂದಳು.

"ಅವಳನ್ನ ಎಸೆಯೋಕಾಗಲ್ಲ ಅಂತಾನೇ ಸುಳ್ಳು ಹೇಳಿದೆ ಕಣಮ್ಮ."

"ಎಸೆ ಅಂತ ಯಾರಂದ್ರು? ನಾನಂದ್ನಾ?" ಅವಳ ದನಿ ಒಡೆಯಿತು. "ಡಬ್ಬಿ ಕೊಡಿಸಿದ್ದು ನಾನು. ಇನ್ನು ಜೀವಮಾನ ಇದು ನನ್ನ ತಲೆ ಮೇಲಿರುತ್ತೆ."

ಮೇಡಂ ಟ್ಯಾಬನ್ನು ಮುಚ್ಚಿಟ್ಟರು. "ನನಗೂ ಅನುಮಾನ ಬಂದಿತ್ತು," ಎಂದರು. "ಅವರು ಒಂದೊಂದು ಉತ್ತರಕ್ಕೆ ಅರ್ಧ ನಿಮಿಷ ತಗೋತಿದ್ರು. ಇದ್ದಕ್ಕಿದ್ದಂತೆ ಎರಡೇ ಸೆಕೆಂಡು. ಇಲ್ಲಿಗೆ ಕರೆಸಿ ನೋಡ್ಬೇಕಿತ್ತು. ವರದಿಯಲ್ಲಿ ಒಬ್ಬರ ಅಂಕವಾದ್ರೂ ಏರಿದೆ ಅಂತ ನಾನೂ ಖುಷಿಪಟ್ಟು ಸುಮ್ಮನಾದೆ. ಡಬ್ಬಿ ಅವರ ಕೈಗೇ ಕೊಡಬಹುದು ಅನ್ನೋ ಸಾಲು ಬರೆದದ್ದು ನಾನೇ. ಮೇಲಿನವರಿಗೆ ಹೇಳ್ತೀನಿ."



ಎರಡು ವಾರದ ಮೇಲೆ ಕೇಂದ್ರದಲ್ಲೇ ಹೊಸದಾಗಿ ಪರೀಕ್ಷೆ ನಡೆಯಿತು. ಮಾಮ ಪಕ್ಕದಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಇವತ್ತು ಯಾವ ವಾರ ಎಂದು ಪರದೆ ಕೇಳಿತು. ಟೈಲರ್ ಅಕ್ಕ ಮಾಮನ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಹೆದರಿಕೆ ಇತ್ತು, ತಪ್ಪು ಮಾಡಿ ಸಿಕ್ಕಿಬಿದ್ದವರ ಹೆದರಿಕೆ. ಅದು ಕಾಯಿಲೆ ತಂದದ್ದಲ್ಲ, "ಬೇಗ, ಬೇಗ" ಎಂದು ದಿನವೂ ತಾವೇ ಕಲಿಸಿದ್ದು ಎಂದು ಮಾಮನಿಗೆ ಹೊಳೆಯಿತು.

"ನಂಗೂ ಗೊತ್ತಿಲ್ಲ ಕಣೆ," ಎಂದರು.

ಆಕೆಯ ಭುಜಗಳು ಸಡಿಲವಾದವು. "ಹೌದಾ? ಹೋಗ್ಲಿ ಬಿಡಿ."

ಹದಿಮೂರು ಅಂಕ ಬಂತು. ಮೇಡಂ ಅದನ್ನು ಹಾಗೆಯೇ ಬರೆದುಕೊಂಡರು. ಇನ್ನು ಟ್ಯಾಬಿನ ಪಾಠ ಬೇಡವೆಂದರು. ಮನೆಯವರಿಗೆಂದು ಬೇರೊಂದು ತರಗತಿ ಇದೆ, ಬುಧವಾರ ಮಧ್ಯಾಹ್ನ, ಬರುವವರು ಕಡಿಮೆ ಎಂದರು. ಮಾಮ ಅರ್ಜಿ ತೆಗೆದುಕೊಂಡು, ಕಲಿಯುವವರ ಹೆಸರು ಎಂಬಲ್ಲಿ ತಮ್ಮ ಹೆಸರು ಬರೆದರು. ಅದರ ಕೆಳಗೆ, ಜೊತೆಗೆ ಬಂದಿದ್ದ ಮಗಳು ತನ್ನದನ್ನು ಬರೆದಳು. ಅಪ್ಪನೊಡನೆ ಅವಳು ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಬರೆದಾದ ಮೇಲೆ ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದಳು.

"ಮೊದಲನೇ ಪಾಠ ಈಗಲೇ ಹೇಳಿಬಿಡಿ," ಎಂದು ಮಾಮ ಕೇಳಿದರು.

"ತಿದ್ದಬೇಡಿ ಸರ್," ಎಂದರು ಮೇಡಂ. "ಅವರು ಎಲ್ಲಿದ್ದಾರೋ ಅಲ್ಲಿಗೆ ನೀವು ಹೋಗಿ. ನೀವಿರೋ ಕಡೆಗೆ ಅವರಿಗೆ ಇನ್ನು ಬರೋಕಾಗಲ್ಲ."

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಮಧ್ಯಾಹ್ನದ ಬಿಸಿಲು ಕಾಲ ಬಳಿಗೆ ಬಂದಿತ್ತು. ಟೈಲರ್ ಅಕ್ಕ ರಸ್ತೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಚಡಪಡಿಸತೊಡಗಿ, ಸ್ವಲ್ಪ ದೂರ ಸರಿದು ಕೂತು, ಹೊಸಬರೊಡನೆ ಮಾತಾಡುವ ಸಂಕೋಚದಿಂದ ಕೇಳಿದರು.

"ಬಸ್ಸು ಇನ್ನೂ ತಡವೇನ್ರಿ? ನಮ್ಮನೆಯವರು ಕಾಯ್ತಿರ್ತಾರೆ. ಸ್ವಲ್ಪ ಹೊತ್ತಾದ್ರೆ ಸಾಕು, ಗಡಿಯಾರ ನೋಡ್ತಾ ನಿಂತಿರ್ತಾರೆ."

ಮಾಮನ ತುಟಿ ತೆರೆದುಕೊಂಡಿತು. 'ನಾನೇ ಕಣೆ, ಇಲ್ಲೇ ಇದೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಕಾಯ್ತಿರ್ತಾರಮ್ಮ," ಎಂದರು. "ನಾನೂ ಆ ಕಡೇನೇ ಹೋಗೋದು. ಬಸ್ಸು ಬರಲಿ, ನಿಮ್ಮನ್ನ ಬಾಗಿಲ ತನಕ ಬಿಟ್ಟು ಹೋಗ್ತೀನಿ."