ಗಡಿಗೆಯ ಒಳಮೈ

ಕುಮಾರ ಪಾರ್ಕಿನ ಮನೆಯಲ್ಲಿ ಬಿಲ್ಡರ್ ರಾಮಾಂಜಿನಪ್ಪನವರು ತಾವು ಕೊಂಡ ಗಡಿಗೆಯನ್ನು ಊಟದ ಮೇಜಿನ ಮೇಲೆ, ಮಡಿಸಿದ ಕಂಬಳಿ ಹಾಸಿ ಇಟ್ಟಿದ್ದರು. ಕಪ್ಪು ಮೈ, ಅದರ ಮೇಲೆ ಕೆಂಪು ಕುದುರೆ, ಕೆಂಪು ಸವಾರ. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಸಿನದು ಎಂದು ವೇಣುಗೋಪಾಲ್ ಮೇಷ್ಟ್ರು ಆಗಲೇ ಬರೆದುಕೊಟ್ಟಿದ್ದರು. ಅವರ ಶಿಷ್ಯೆ ಪ್ರತಿಭಾಳ ರುಜು ಒಂದು ಬಾಕಿ.

"ನಿಮ್ದೂ ಒಂದು ಸೈನ್ ಬಿದ್ರೆ ನನ್ನ ಮ್ಯೂಸಿಯಂ ಬಾಗ್ಲು ತೆಗೆದ್ಬಿಡ್ತೀನಿ ಮೇಡಂ. ನೋಡ್ಕೊಳ್ಳೋರು ನೀವೇ. ನಂಗೇನು, ಸೈಟು ಗೊತ್ತು, ಸೀಮೆಂಟು ಗೊತ್ತು."

ಗ್ರೀಕ್ ಕಲೆ ಓದಿದವಳಿಗೆ ಬೆಂಗಳೂರಿನಲ್ಲಿ ಕೆಲಸ ಯಾರು ಇಟ್ಟಿದ್ದಾರೆ? ಇಪ್ಪತ್ತು ವರ್ಷ ಕಾಲೇಜಿನಿಂದ ಕಾಲೇಜಿಗೆ ಅಲೆದು ಪಾಠ ಮಾಡಿದ್ದಳು. ಈ ದಾರಿಗೆ ಹಚ್ಚಿದವರು, ಎರಡು ವರ್ಷ ಅಥೆನ್ಸಿಗೆ ಕಳಿಸಿದವರು, ಎಲ್ಲ ಮೇಷ್ಟ್ರೇ.

ಚಿತ್ರದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಅದೇ ಅವಳಿಗೆ ಅನುಮಾನ. ಬಳೆ ತೆಗೆದಿಟ್ಟು ಗಡಿಗೆಯ ಬಾಯೊಳಗೆ ಕೈ ಇಳಿಸಿದಳು. ಹೊಟ್ಟೆಯ ಸುತ್ತ ಬೆರಳಿಗೆ ಸಣ್ಣ ಸಣ್ಣ ತಗ್ಗುಗಳು ಸಿಕ್ಕವು. ಮಾಲೂರು ಕಡೆಯ ಕುಂಬಾರರ ಮನೆಯ ಮಗಳು ಅವಳು. ಒಳಗೆ ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಅಪ್ಪ ಗಡಿಗೆ ಉಬ್ಬಿಸುವಾಗ ಉಳಿಯುತ್ತಿದ್ದ ತಗ್ಗುಗಳೇ ಇವು. ಅಥೆನ್ಸಿನಲ್ಲಿ ತಾನು ತೊಳೆದಿಟ್ಟ ಚಿತ್ರದ ಗಡಿಗೆಗಳ ಚೂರುಗಳಲ್ಲಿ ಒಂದರೊಳಗೂ ಇಂಥ ಗುರುತು ಕಂಡಿರಲಿಲ್ಲ. ಅಲ್ಲಿಯವರು ಅವನ್ನೆಲ್ಲ ತಿರುಗುವ ತಿಗರಿಯ ಮೇಲೇ ಎತ್ತುತ್ತಿದ್ದರು, ತಟ್ಟುತ್ತಿರಲಿಲ್ಲ.

"ಏನಂತೆ ಮೇಡಂ?"

"ಸಂಜೆ ಹೇಳ್ತೀನಿ ಸರ್."

ಬಸವನಗುಡಿಯ ಮನೆಯ ವರಾಂಡದಲ್ಲಿ ಮೇಷ್ಟ್ರು ಕೂತಿದ್ದರು. ಜೀವಮಾನವೆಲ್ಲ ಫೋಟೋ ನೋಡಿ ಪಾಠ ಹೇಳಿದವರು, ಒಳಮೈ ಮುಟ್ಟಿ ಗೊತ್ತಿಲ್ಲ, ಪಾಪ ಮೋಸಹೋಗಿರಬೇಕು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

"ನೋಡಿದ್ಯೇನಮ್ಮ?"

"ನೋಡ್ದೆ ಸರ್. ಚಿತ್ರ ಚೆನ್ನಾಗಿದೆ."

ಮೇಷ್ಟ್ರು ಕನ್ನಡಕ ಒರೆಸುತ್ತ ಕೂತರು. ಆಮೇಲೆ ಮೆಲ್ಲಗೆ, "ಒಳಗೆ ಕೈ ಹಾಕಿದ್ಯಾ?" ಎಂದರು.

ಅವಳು ಆ ಮಾತೇ ಎತ್ತಿರಲಿಲ್ಲ.

"ನಿಮಗೆ ಗೊತ್ತಿತ್ತು ಸರ್."

"ಗಾಜಿನ ಪೆಟ್ಟಿಗೇಲಿಟ್ಟಿದ್ದನ್ನ ಒಳಗೆ ಯಾರಮ್ಮ ಮುಟ್ಟಿ ನೋಡ್ತಾರೆ? ನಿಂಗೊಂದು ನೆಲೆ ಆಗ್ಲಿ ಅಂತ ಬರ್ಕೊಟ್ಟೆ."

ನಿನಗಾಗಿ ಎನ್ನುವ ಆ ಮಾತನ್ನೂ ಈಗ ನಂಬುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅಲ್ಲೇ ನಿಂತು ರಾಮಾಂಜಿನಪ್ಪನವರಿಗೆ ಫೋನ್ ಮಾಡಿದಳು.

"ಸರ್, ಅದು ನಮ್ಮ ಕಡೆ ಕುಂಬಾರ ತಟ್ಟಿರೋದು. ನಾನು ಸೈನ್ ಹಾಕಲ್ಲ."

"ಮೇಷ್ಟ್ರು ಹಾಕವ್ರಲ್ಲಮ್ಮ, ಮತ್ತೆ?"

"ಇಲ್ಲೇ ಇದಾರೆ. ಅವರನ್ನೇ ಕೇಳಿ," ಎಂದು ಫೋನು ಚಾಚಿದಳು. ಮೇಷ್ಟ್ರು ಕೈ ನೀಡಲಿಲ್ಲ.