ಇಲ್ಲಿ ಮುಟ್ಟಿ

"ಏಯ್ ಮುಂಡೇದೆ, ಕೈ ತೆಗಿಯೇ! ತೆಗಿ ಅಂದ್ರೆ ಇನ್ನೂ ಉಜ್ತಾಳಲ್ಲ!"

ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತು ಕೂಗಿದರು. ಕಸ ಗುಡಿಸುವವಳಿಗೆ ಕೈ ತೆಗೆಯಲು ಭಯ. ಗೋಡೆಗೆ ಹೊಸದಾಗಿ ಜಡಿದಿದ್ದ ಆ ಹೊಳೆಯುವ ಬೋರ್ಡಿನ ಮೇಲೆ ಒದ್ದೆ ಬಟ್ಟೆ ಆಡಿಸಿದಲ್ಲೆಲ್ಲ ಕಪ್ಪು ಗೆರೆ ಏಳುತ್ತಿತ್ತು. ಬಟ್ಟೆಯಲ್ಲೇ ಮಸಿ ಇರಬೇಕೆಂದು ಮಗುಚಿ ಒರೆಸಿದಳು. ಇನ್ನೊಂದು ಗೆರೆ. ಮೊಣಕೈಯಿಂದ ತಿಕ್ಕಿದಳು. ತಿಕ್ಕಿದಷ್ಟೂ ಗೆರೆಗೆ ಗೆರೆ ಸುತ್ತಿಕೊಂಡು, ಬೋರ್ಡೆಲ್ಲ ಕಾಗೆಗೂಡಿನಂತಾಯಿತು.

"ಅದು ಆನ್ ಆಗಿದೆ ಕಣೇ ದರಿದ್ರದೋಳೆ! ಮುಟ್ಟಿದ್ರೆ ಬರಿಯೋ ಬೋರ್ಡದು."

ಅವರು ಮೂಲೆಯಲ್ಲಿ ಬೆರಳು ತಾಗಿಸಿದರು. ಅಷ್ಟೂ ಗೆರೆ ಮಂಗಮಾಯ. ಅವಳಿಗೆ ಹೋದ ಜೀವ ಬಂದಂತಾಯಿತು.

"ಇನ್ಮೇಲೆ ಈ ರೂಮಲ್ಲಿ ನೆಲ ನೋಡ್ಕೊಂಡು ಕೆಲಸ ಮಾಡು. ಗೋಡೆ ಕಡೆ ತಲೆ ಎತ್ತಿದ್ಯೋ, ಅವತ್ತೇ ಮನೆಗೆ. ತಿಳೀತಾ?"

"ಹೂಂ ಸಾರ್."

ಅವಳ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಒಂದು ಕಡೆ ಕೂತವಳಲ್ಲ, ಅದಕ್ಕೇ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆ ಸಂಜೆ ಗುಬ್ಬಿ ಗೋಡೆಗೊರಗಿ ಕೂತದ್ದು ಕೂತೇ ಇತ್ತು. ತಾಯಿಯ ಕರುಳಿಗೆ ಅಷ್ಟು ಸಾಕಾಯಿತು.

"ಹೊಸ ಬೋರ್ಡಲ್ಲಿ ಏನೇ ಕಲಿಸಿದ್ರು?"

"ನೋಡ್ದೆ."

"ಏನ್ ನೋಡ್ದೆ?"

"ಮುಂದಿನ ಬೆಂಚಿನೋರು ಮುಟ್ಟೋದನ್ನ." ಹೇಳುತ್ತ ಹೇಳುತ್ತ ಅವಳ ಕಣ್ಣು ಅರಳಿತು. "ಲೆಕ್ಕ ಬರುತ್ತಮ್ಮ. ಕೆಳಗೆ ಬಲೂನು. ಸರಿಯಾದ್ದು ಮುಟ್ಟಿದ್ರೆ ಪಟ್ ಅಂತ ಒಡ್ದು ನಕ್ಷತ್ರ ಉದುರುತ್ತೆ. ಶಭಾಷ್ ಅನ್ನುತ್ತೆ!" ಅಷ್ಟರಲ್ಲೇ ಮುಖ ಬಾಡಿತು. "ಚರಂಡಿ ಬೀದಿಯೋರ್ನ ಕರೆಯಲ್ಲ. ನಮ್ ಕೈ ಗಲೀಜಂತೆ."

"ತೊಳ್ಕೊಂಡು ಹೋಗೋಕೇನೆ ರೋಗ?"

"ತೊಳ್ದೆ. ಟೀಚರ್ ಎದುರಿಗೇ ತೊಳ್ದೆ." ಗುಬ್ಬಿ ಎರಡೂ ಅಂಗೈಯನ್ನು ತಾಯಿಯ ಮೂಗಿಗೆ ಹಿಡಿದಳು. ಬರೀ ಸೋಪಿನ ವಾಸನೆ. "ನಾನಿನ್ನು ಕ್ಲಾಸಿಗೆ ಹೋಗಲ್ಲ. ನಿನ್ ಜೊತೆ ಪೊರಕೆ ಹಿಡೀತೀನಿ. ಅದನ್ನ ಮುಟ್ಬೇಡ ಅಂತ ಯಾರೂ ಅನ್ನಲ್ಲ."

ಹೊಡೆಯಲೆಂದು ಎತ್ತಿದ ಕೈ ಮೇಲೆಯೇ ಉಳಿಯಿತು. ಆಮೇಲೆ ಆ ಕೈ ಮಗಳ ಕೆದರಿದ ತಲೆಯ ಮೇಲೆ ಇಳಿಯಿತು.

"ನಾಳೆ ಒಂದಿನ ಹೋಗು ನನ್ನವ್ವ. ಬೋರ್ಡ್ ಕೊಟ್ಟೋರು ನೋಡೋಕೆ ಬರ್ತಾರಂತೆ. ನಮ್ ಬೀದಿ ಮಕ್ಕಳ ಹೆಸರಲ್ಲೇ ಅಲ್ವಾ ಕೊಟ್ಟಿರೋದು? ನಿಮ್ಮನ್ನೇ ಮುಂದೆ ಕೂರಿಸ್ತಾರಂತೆ."

ಕೂರಿಸಿದರು. ಮರುದಿನ ಚರಂಡಿ ಬೀದಿಯ ಮಕ್ಕಳೆಲ್ಲ ಮುಂದಿನ ಬೆಂಚಿಗೆ ಬಂದರು. ದಿನವೂ ಅಲ್ಲಿ ಕೂರುತ್ತಿದ್ದವರು ಮೂತಿ ಊದಿಸಿಕೊಂಡು ಹಿಂದೆ ಹೋದರು. ಯಾರಾದರೂ ನೀರು ಚೆಲ್ಲಿದರೆ ಒರೆಸಲೆಂದು ಗುಬ್ಬಿಯ ತಾಯಿಯನ್ನು ಬಕೆಟ್ಟಿನೊಂದಿಗೆ ಬಾಗಿಲ ಬಳಿ ನಿಲ್ಲಿಸಿದ್ದರು.

ಬಂದಾಕೆ ಬೋರ್ಡ್ ಕೊಟ್ಟ ಕಂಪನಿಯ ದೊಡ್ಡ ಮೇಡಂ. ಜೊತೆಗೊಬ್ಬ ಫೋಟೋದವನು. ಅವನು ಗುಬ್ಬಿಯನ್ನೇ ಆರಿಸಿದ.

"ಬಾ ಪುಟ್ಟಿ. ಬೋರ್ಡ್ ಹತ್ರ ನಿಂತ್ಕೊ. ಬೆರಳು ಚಾಚು."

ಗುಬ್ಬಿ ಹಾರಿದಂತೆಯೇ ಹೋದಳು. ಬೆರಳು ಇನ್ನೇನು ತಾಗಬೇಕು, ಟೀಚರಮ್ಮ ನಗುಮುಖದಲ್ಲೇ ಹಲ್ಲು ಕಚ್ಚಿದರು.

"ಮುಟ್ಬೇಡ ಕಣೇ. ಮುಟ್ಟಿದ ಹಾಗೆ ಮಾಡು, ಸಾಕು."

ಬೆರಳು ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಬೋರ್ಡಿನೊಳಗಿನ ಹೆಣ್ಣುದನಿ ಬೆಣ್ಣೆಯಂತೆ ಹೇಳಿತು: "ಸರಿಯುತ್ತರವನ್ನು ಇಲ್ಲಿ ಮುಟ್ಟಿ."

"ನಗು ಪುಟ್ಟಿ. ಹಾಂ, ಹಾಗೇ ಇರು."

"ಇಲ್ಲಿ ಮುಟ್ಟಿ," ಎಂದಿತು ಬೋರ್ಡು.

ಬೆರಳು ಗಾಳಿಯಲ್ಲೇ ನಿಂತಿತ್ತು. ತುಟಿ ನಗುತ್ತಿತ್ತು.

"ಎಷ್ಟು ಖುಷಿಯಾಗಿ ಕಲೀತಿದ್ದಾಳೆ ನೋಡಿ!" ಎಂದರು ಮೇಡಂ.

"ಇಲ್ಲಿ ಮುಟ್ಟಿ."

"ಫೋಟೋ ಆಯ್ತಲ್ಲ, ಹೋಗು, ಹಿಂದೆ ಕೂತ್ಕೊ," ಎಂದರು ಹೆಡ್‌ಮೇಷ್ಟ್ರು.

ಗುಬ್ಬಿ ಕೈ ಇಳಿಸಿದಳು. ಬಾಗಿಲ ಕಡೆ ತಿರುಗಿದಳು. ಅವಳು ನೋಡಿದ್ದು ತಾಯಿಯನ್ನಲ್ಲ, ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಪೊರಕೆಯನ್ನು.

ತಾಯಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ನಡೆದಳು.

"ಏಯ್, ಎಲ್ಲಿಗೇ?"

ಅವಳು ಮಗಳ ಕೈ ಹಿಡಿದಳು. ಅವಳ ಅಂಗೈಯ ನೀರು ಮಗಳ ಬೆರಳಿಗಿಳಿಯಿತು.

"ಆಗಿಂದ ಮುಟ್ಟಿ ಮುಟ್ಟಿ ಅಂತ ಬಾಯಿ ಬಡ್ಕೊತಿದೆ ಸಾರ್. ನಿಮಗ್ಯಾರಿಗೂ ಕೇಳ್ತಿಲ್ವಾ?"

"ಹೊರಗೆ ನಡಿ! ನಾಳೆಯಿಂದ ಇತ್ತ ಕಾಲಿಡಬೇಡ!"

"ಇಡಲ್ಲ. ಮಗಳು ಇಡ್ತಾಳೆ." ಅವಳು ಮಗಳ ಕಡೆ ತಿರುಗಿದಳು. "ಮುಟ್ಟೇ ಗುಬ್ಬಿ. ಯಾವುದು ಸರಿ ಅನ್ಸುತ್ತೋ ಅದನ್ನ ಮುಟ್ಟು."

ಗುಬ್ಬಿ ಕೆಂಪು ಬಲೂನನ್ನು ಒತ್ತಿದಳು.

"ತಪ್ಪು," ಎಂದಿತು ಬೋರ್ಡು. "ಇನ್ನೊಮ್ಮೆ ಮುಟ್ಟಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮೇಷ್ಟ್ರು ಮೇಡಂ ಕಡೆ ತಿರುಗಿ ಕೈಚೆಲ್ಲಿದರು. "ನೋಡಿದ್ರಾ? ಇವರಿಗೆ ಎಷ್ಟು ಕೊಟ್ರೂ ಅಷ್ಟೇ."

"ತಪ್ಪು ಅಂತು ಸಾರ್. ಗಲೀಜು ಅನ್ಲಿಲ್ಲ," ಎಂದಳು ತಾಯಿ. "ಇನ್ನೊಂದ್ಸಲ ಬಾ ಅಂತು."

ಮುಂದಿನ ಬೆಂಚಿನಲ್ಲಿದ್ದ ಚರಂಡಿ ಬೀದಿಯ ಮಕ್ಕಳು ಒಬ್ಬರ ಹಿಂದೊಬ್ಬರು ಎದ್ದು ಗುಬ್ಬಿಯ ಹಿಂದೆ ಸಾಲು ನಿಂತರು. ಯಾರೂ ಕರೆದಿರಲಿಲ್ಲ. ಹೆಡ್‌ಮೇಷ್ಟ್ರು ಧಾವಿಸಿ ಗೋಡೆಯ ಸ್ವಿಚ್ಚನ್ನು ಹೊಡೆದರು. ಬೋರ್ಡು ಕಪ್ಪಾಯಿತು. ಕಪ್ಪು ಗಾಜಿನ ಮೇಲೆ ಒಂದು ಪುಟ್ಟ ಬೆರಳಿನ ಒದ್ದೆ ಗುರುತು ಎದ್ದು ಕಂಡಿತು.

"ಒರೆಸೇ ಅದನ್ನ! ಮೊದ್ಲು ಒರೆಸು!"

"ಗೋಡೆ ಕಡೆ ತಲೆ ಎತ್ಬೇಡ ಅಂದಿದ್ರಲ್ಲ ಸಾರ್," ಎಂದಳು ಅವಳು, ನೆಲ ನೋಡುತ್ತ.

ಗುಬ್ಬಿ ಬೋರ್ಡನ್ನು ಬಿಟ್ಟು ಅಲ್ಲಾಡಲಿಲ್ಲ. ಆ ಗುರುತಿನ ಮೇಲೆಯೇ ಮತ್ತೆ ಬೆರಳಿಟ್ಟಳು.

"ಆನ್ ಮಾಡಿ ಸಾರ್."