ಸಿಪ್ಪೆಯಮ್ಮ

ಉಗುರಿನ ಸಂದಿಯ ಮಣ್ಣು ಏನು ಮಾಡಿದರೂ ಹೋಗಲೊಲ್ಲದು. ಮಗಳು ಹಳೆಯ ಬ್ರಷ್ಷನ್ನು ಬಿಸಿನೀರಲ್ಲಿ ಅದ್ದಿ ಅದ್ದಿ ಅಮ್ಮನ ಒಂದೊಂದೇ ಬೆರಳನ್ನು ಉಜ್ಜುತ್ತಿದ್ದಳು. ಪಕ್ಕದ ಮನೆಯ ಟೈಲರಮ್ಮ ಆ ತಣ್ಣನೆಯ ಕೈಯನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡಿದ್ದರು. ನಿನ್ನೆ ಸಂಜೆ ಹಿತ್ತಲಲ್ಲಿ ಬೀಜ ಊರಿ ಮುಗಿಸಿ, ನಲ್ಲಿಯ ಹತ್ತಿರ ಕಾಲು ತೊಳೆಯಲು ಕೂತ ಅಮ್ಮ ಹಾಗೇ ಪಕ್ಕಕ್ಕೆ ವಾಲಿದ್ದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸಾಕು ಬಿಡೆ, ಅಷ್ಟು ಮಣ್ಣು ಅವರ ಜೊತೇಲೇ ಹೋಗ್ಲಿ," ಅಂದರು ಟೈಲರಮ್ಮ. "ಪಾಪ, ತಲೆ ಸ್ಥಿಮಿತದಲ್ಲಿ ಇಲ್ದಿದ್ರೂ ಕೈ ಮಾತ್ರ ಒಂದು ದಿನಾನೂ ಸುಮ್ನೆ ಕೂತಿದ್ದಿಲ್ಲ."

ಮಗಳ ತಮ್ಮ ಇನ್ನೊಂದು ಬಕೆಟ್ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ. ಲಾರಿ ಓಡಿಸುವವನು, ಸುದ್ದಿ ಸಿಕ್ಕ ಊರಿನಿಂದ ಹಾಗೇ ತಿರುಗಿ ಬಂದಿದ್ದ.

"ಯಾರ ತಲೆ?" ಅಂದ.

ಟೈಲರಮ್ಮ ನಾಲಿಗೆ ಕಚ್ಚಿಕೊಂಡು ಮಗಳ ಮುಖ ನೋಡಿದರು. "ತಮ್ಮನಿಗೂ ಹೇಳಿರ್ಲಿಲ್ವಾ ನೀನು?"

"ಆಮೇಲೆ ಮಾತಾಡೋಣ," ಅಂದಳು ಮಗಳು. "ಬಕೆಟ್ ಅಲ್ಲಿಡು."

\*

ಅಮ್ಮನಿಗೆ ಬೀದಿಯವರು ಇಟ್ಟ ಹೆಸರು ಸಿಪ್ಪೆಯಮ್ಮ. ಬೆಳಗಾದರೆ ಬಕೆಟ್ ಹಿಡಿದು ಮನೆಮನೆಯ ಬಾಗಿಲಲ್ಲಿ ತರಕಾರಿ ಸಿಪ್ಪೆ, ಮೊಟ್ಟೆಯ ಓಡು, ಸೋಸಿ ಉಳಿದ ಚಹಾಪುಡಿ ಕೇಳಿ ತರುತ್ತಿದ್ದಳು. ಹಿತ್ತಲಿನದು ಅಂಟುಮಣ್ಣು, ಇದೆಲ್ಲ ಕೊಳೆತು ಸೇರಿದರೆ ಮಾತ್ರ ಅದರಲ್ಲಿ ಬೇರು ಇಳಿಯುತ್ತಿತ್ತು. "ಕಸದಿಂದ ರಸ ಕಣ್ರೀ," ಎಂದು ನಗುತ್ತಿದ್ದಳು. ಗಂಡ ಹೋದ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಎರಡು ಮಕ್ಕಳನ್ನು ಬೆಳೆಸಿದವಳಿಗೆ ಇನ್ನೊಬ್ಬರ ಬಾಗಿಲು ತಟ್ಟಲು ನಾಚಿಕೆ ಎಲ್ಲಿಂದ ಬರಬೇಕು? ಮನೆಯ ನಾಚಿಕೆಯನ್ನೆಲ್ಲ ಮಗಳೊಬ್ಬಳೇ ಗುತ್ತಿಗೆ ಹಿಡಿದಿದ್ದಳು.

ಮಗಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ಬಂದವರ ಹೆಸರು ಬರೆದುಕೊಳ್ಳುವವಳು. ಹೋದ ವರ್ಷ ಒಂದು ಮಧ್ಯಾಹ್ನ ಡಾಕ್ಟರು ಕಿಟಕಿಯಲ್ಲಿ ಇಣುಕಿ, "ಯಾರೋ ಮುದುಕಿ, ಹೋಟೆಲಿನ ಕಸದ ಡಬ್ಬಕ್ಕೆ ಕೈ ಹಾಕ್ತಿದಾಳೆ. ಹೊಟ್ಟೆಗಿಲ್ಲ ಅಂತ ಕಾಣುತ್ತೆ. ಒಂದು ಬನ್ನಾದ್ರೂ ಕೊಡಿಸ್ರೀ," ಅಂದರು. ನರ್ಸ್ ಇಳಿದು ಹೋಗಿ ಕೊಟ್ಟು ಬಂದಳು. ಅಮ್ಮ ಬನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಯೆತ್ತಿ, ಕಿಟಕಿಯಲ್ಲಿ ಮಗಳನ್ನು ಕಂಡಳು. ಕರೆಯಲಿಲ್ಲ. ಅದು ನನ್ನ ತಾಯಿ ಎಂದು ಮಗಳೂ ಹೇಳಲಿಲ್ಲ.

ಸಂಜೆ ಮನೆಗೆ ಬಂದರೆ ಬನ್ನು ಅಡುಗೆಮನೆಯ ಮೇಜಿನ ಮೇಲೆ ಕಾಗದ ಸಮೇತ ಕೂತಿತ್ತು.

"ನಿಮ್ಮ ಡಾಕ್ಟ್ರು ಒಳ್ಳೇ ಮನುಷ್ಯ ಕಣೆ," ಅಂದಳು ಅಮ್ಮ. "ಅರ್ಧ ನೀನು ತಗೋ."

ಬೈದಿದ್ದರೆ ಮಗಳು ಬದುಕಿಕೊಳ್ಳುತ್ತಿದ್ದಳು. ಆ ವಾರವೇ, ಅಮ್ಮ ಮಲಗಿದ ಹೊತ್ತು ನೋಡಿಕೊಂಡು, ಅವಳು ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದಳು. "ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ತಲೆ ಸ್ಥಿಮಿತ ತಪ್ತಿದೆ. ಸಿಪ್ಪೆ ಕೇಳ್ಕೊಂಡು ಬಂದ್ರೆ ಕೊಡ್ಬೇಡಿ, ನಯವಾಗಿ ವಾಪಸ್ ಕಳ್ಸಿ. ನಾನು ಹೇಳಿದ್ದು ಅಂತ ಅವಳಿಗೆ ಗೊತ್ತಾಗೋದು ಬೇಡ."

ಬೀದಿಯ ಜನ ಒಳ್ಳೆಯವರು. ಹೇಳಿದ್ದನ್ನು ಚಾಚೂ ತಪ್ಪದೆ ನಡೆಸಿದರು.

\*

ಈಗ ಅವರೆಲ್ಲ ನಡುಮನೆಯಲ್ಲಿ ಕೂತಿದ್ದರು, ಕೊಡೆಗಳು ಬಾಗಿಲ ಬಳಿ ನೀರಿಳಿಸುತ್ತಿದ್ದವು.

"ಮೊನ್ನೆ ಕೂಡ ನನ್ನ ಮೊಣಕಾಲು ಹೇಗಿದೆ ಅಂತ ನೆನಪಿಟ್ಕೊಂಡು ಕೇಳಿದ್ರು," ಅಂದರು ನಿವೃತ್ತ ಪೋಸ್ಟ್‌ಮಾಸ್ಟರು. "ಅಂಥ ಕಾಯಿಲೇಲೂ."

"ನನ್ನ ಮೊಮ್ಮಗಳಿಗೆ ಭಾಗಾಕಾರ ಹೇಳ್ಕೊಟ್ಟಿದ್ರು. ನಾನು ಕೂತು ತಾಳೆ ನೋಡಿದೆ, ಎಲ್ಲ ಸರಿ ಇತ್ತು," ಅಂದರು ಟೈಲರಮ್ಮ.

ಎಲ್ಲರೂ ಅಚ್ಚರಿಯಿಂದ ತಲೆಯಾಡಿಸಿದರು. ಅಮ್ಮನ ತಲೆ ಸರಿಯಾಗಿತ್ತು ಎನ್ನುವುದಕ್ಕೆ ಇದ್ದ ಸಾಕ್ಷಿಯೆಲ್ಲ ಅವರ ಬಾಯಲ್ಲಿ ಪವಾಡವಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮಗಳು ಆಡಿದ ಮಾತು ಎಲ್ಲೂ ಹೋಗಿರಲಿಲ್ಲ. ವರ್ಷವಿಡೀ ಬೀದಿಯಲ್ಲಿ ತಿರುಗಿ, ಇವತ್ತು ಅಮ್ಮನ ಜೊತೆ ಮಣ್ಣಿಗೆ ಹೊರಟಿತ್ತು.

ತಮ್ಮ ಅವಳನ್ನು ಅಡುಗೆಮನೆಗೆ ಕರೆದ.

"ಹೋದ ವಾರ ಫೋನ್ ಮಾಡಿದ್ಲು ಕಣೆ. ಬಟಾಣಿ ಈಗ ಹಾಕಿದ್ರೆ ತಡ ಆಯ್ತೇನಪ್ಪ, ನೀನೇ ಹೇಳು ಅಂತ ಕೇಳಿದ್ದನ್ನೇ ಕೇಳಿದ್ಲು. ನಂಗೇನ್ ಗೊತ್ತು, ತಲೆ ತಿನ್ಬೇಡ ಅಂತ ಇಟ್ಬಿಟ್ಟೆ." ಅವನು ಅಕ್ಕನ ಭುಜಕ್ಕೆ ತಲೆಯಿಟ್ಟ. "ಕಾಯಿಲೆ ಅಂತ ಒಂದು ಮಾತು ಹೇಳಿದ್ರೆ ಹಾಗಂತಿದ್ನಾ ನಾನು?"

ಅದು ಕಾಯಿಲೆಯಲ್ಲವೋ ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು. ಇವನು ಇಲ್ಲದ ಕಾಯಿಲೆಗಾಗಿ ಅಳುತ್ತಿದ್ದ, ಅದನ್ನು ಹುಟ್ಟಿಸಿದವಳ ಭುಜಕ್ಕೇ ಒರಗಿ ಅಳುತ್ತಿದ್ದ.

\*

ಈ ವರ್ಷ ಚಳಿ ಹೋದರೂ ಬಿಸಿಲು ಬರಲಿಲ್ಲ. ವಸಂತವಿಡೀ ಹಿಡಿದ ಮಳೆ ಬಿಡಲೇ ಇಲ್ಲ. ಆದರೂ ಬೀದಿಯವರ ಬೇಲಿಗಳಲ್ಲಿ ಬಟಾಣಿ ಬಳ್ಳಿ ಹತ್ತುತ್ತಿತ್ತು. ಅಮ್ಮನ ಪಾತಿಗಳಲ್ಲಿ ಬರೀ ನೀರು ನಿಂತಿತ್ತು.

"ಯಾಕೆ ಎಲ್ರೂ ನನ್ಹತ್ರ ಮಗೂಗೆ ಹೇಳೋ ಹಾಗೆ ಮಾತಾಡ್ತಾರೆ?" ಎಂದು ಅಮ್ಮ ಒಂದು ದಿನ ಕೇಳಿದ್ದಳು. "ನನಗೇನಾದ್ರೂ ಆಗಿದ್ಯಾ? ನಿಜ ಹೇಳು."

"ಏನೂ ಆಗಿಲ್ಲಮ್ಮ."

"ಆಗಿದೆ. ನೀನು ನನ್ನಿಂದ ಮುಚ್ಚಿಡ್ತಿದೀಯ."

ಅಂದಿನಿಂದ ಅಮ್ಮ ತನ್ನ ಕೈಯನ್ನೇ ನಂಬಲಿಲ್ಲ. ಕಣ್ಣು ಮುಚ್ಚಿ ಬೆರಳಲ್ಲೇ ಬೀಜ ಗುರುತಿಸುತ್ತಿದ್ದವಳು ತಟ್ಟೆಯಲ್ಲಿ ಹರಡಿಕೊಂಡು ಮಗಳ ರಜೆಗಾಗಿ ಕಾಯುತ್ತಿದ್ದಳು. ರಜೆಯ ದಿನವೇ ಮಳೆ ಜಡಿಯುತ್ತಿತ್ತು. ಹೀಗೆ ಬಿತ್ತನೆ ವಾರದಿಂದ ವಾರಕ್ಕೆ ಮುಂದೆ ಹೋಯಿತು.

ನಿನ್ನೆ ಮಳೆ ಕೊಂಚ ಬಿಟ್ಟಿತು, ಮಗಳಿಗೆ ರಜೆಯೂ ಇತ್ತು. ಅಮ್ಮ ಕೆಸರಲ್ಲಿ ಮಂಡಿಯೂರಿ ಒಂದೊಂದು ಹಿಡಿ ಬೀಜವನ್ನೂ ಮೇಲೆತ್ತಿ ತೋರಿಸಿದಳು.

"ಇದು ಮೂಲಂಗಿ ತಾನೆ?"

"ಹೌದು."

"ಇದು ಸೌತೆ. ಅಲ್ವಾ? ಸರಿಯಾಗಿ ನೋಡು."

"ಹೌದಮ್ಮ, ಹೌದು. ಬೇಗ ಹಾಕು."

"ನಿನಗೆ ತೊಂದ್ರೆ ಕೊಡ್ತಿದೀನಿ," ಅಂದಳು ಅಮ್ಮ. ಕೆಸರಿನ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. ಮಗಳು ಫೋನು ನೋಡುತ್ತಾ ಒಳಗೆ ಹೋದಳು.

\*

ಗಾಡಿ ಬಂತು. ತಮ್ಮ ಮತ್ತು ಬೀದಿಯ ಮೂವರು ಅಮ್ಮನನ್ನು ಮಲಗಿಸಿದ ಪೆಟ್ಟಿಗೆಯ ನಾಲ್ಕು ಮೂಲೆಗೆ ಬಗ್ಗಿದರು. ಅದು ಹೊಸ್ತಿಲು ದಾಟಿದರೆ ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ಮಗಳಿಗೆ ಗೊತ್ತಿತ್ತು.

"ಸ್ವಲ್ಪ ಇರಿ," ಅಂದಳು. "ಅಮ್ಮನಿಗೆ ಯಾವ ಕಾಯಿಲೇನೂ ಇರ್ಲಿಲ್ಲ. ತಲೆ ಸರಿಯಾಗೇ ಇತ್ತು. ಅವಳು ಸಿಪ್ಪೆ ಬೇಡಿ ತರೋದು ನನಗೆ ಅವಮಾನ ಆಗ್ತಿತ್ತು. ಅದಕ್ಕೆ ಸುಳ್ಳು ಹೇಳ್ದೆ."

ಒಬ್ಬರಾದರೂ ಉಗಿಯಲಿ ಎಂದು ಕಾದಳು. ಟೈಲರಮ್ಮನ ಕಣ್ಣು ತುಂಬಿ ಬಂತು. ಮೆಲ್ಲನೆ ಹತ್ತಿರ ಬಂದು ಅವಳ ಬೆನ್ನು ಸವರಿದರು.

"ಆಯ್ತು ಆಯ್ತು. ಇರ್ಲಿಲ್ಲ. ಏನೂ ಇರ್ಲಿಲ್ಲ. ಕೂತ್ಕೋ."

"ನಿಜವಾಗ್ಲೂ ಹೇಳ್ತಿದೀನಿ. ನಂಬಿ."

"ನಂಬ್ತೀವಮ್ಮ."

ಅವಳು ತಮ್ಮನ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಿ ಪೆಟ್ಟಿಗೆಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದ. ಪೋಸ್ಟ್‌ಮಾಸ್ಟರು ಅವನ ಕಿವಿಯ ಬಳಿ ಬಗ್ಗಿ, ಪಿಸುಮಾತೆಂದುಕೊಂಡು ಇಡೀ ಮನೆಗೆ ಕೇಳುವಂತೆ ಹೇಳಿದರು: "ತಾಯಿಗಿದ್ದದ್ದು ಮಗಳಿಗೂ ಬರುತ್ತೆ ಅಂತಾರೆ. ಒಬ್ಬಳನ್ನೇ ಬಿಡ್ಬೇಡ, ನೋಡ್ಕೊಳ್ಳಪ್ಪ."

ಪೆಟ್ಟಿಗೆ ಎದ್ದಿತು, ಹೊರಗೆ ಹೋಯಿತು. ಮಗಳು ಅದರ ಹಿಂದೆ ಹೋಗಲು ಹೊರಟಳು. ಟೈಲರಮ್ಮ ಭುಜ ಒತ್ತಿ ಕೂರಿಸಿದರು. ಯಾರೋ ಒಂದು ಲೋಟ ನೀರು ತಂದುಕೊಟ್ಟರು. ಅವಳು ಕೈ ಚಾಚಿದಳು. ಟೈಲರಮ್ಮ ಲೋಟವನ್ನು ಅವಳ ಕೈಗೆ ಕೊಡಲಿಲ್ಲ. ಒಂದು ಕೈಯಿಂದ ಅವಳ ಗಲ್ಲ ಹಿಡಿದು, ಇನ್ನೊಂದರಿಂದ ಲೋಟವನ್ನು ತುಟಿಗೆ ಒತ್ತಿ, "ಆ ಅನ್ನು" ಅಂದರು. ಅವಳು ಬಾಯಿ ತೆರೆದಳು.